ಮಲಕಾಜಪ್ಪ ಕಟ್ಟಿದ ಬಿಳಿ ಪಟಗಾ

ಮಲಕಾಜಪ್ಪನ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಮರಾಠಿ ಗಡಿಯ ಊರು ಕುಣಿಕೋಣೂರಿನ ಹಿಟ್ಟಿನ ಗಿರಣಿಯಲ್ಲಿ. ಹನ್ನೊಂದು ವರ್ಷದ ಹಿಂದಿನ ಮಾತು. ಗಂಡ ಸತ್ತ ಮೇಲೆ ದರಿಬಡಚಿ ಬಿಟ್ಟು ತಮ್ಮನ ಊರಿಗೆ ಬಂದು ಹದಿನೈದು ದಿನವಾಗಿತ್ತು, ಯಾರ ಮುಖಕ್ಕೆ ಯಾವ ಹೆಸರು ಎಂದು ಇನ್ನೂ ಕೂಡಿ ಬಂದಿರಲಿಲ್ಲ. ಜೋಳದ ಡಬ್ಬಿ ಸಾಲಿಗಿಟ್ಟು ಗೋಡೆಗೆ ಆತು ನಿಂತಿದ್ದೆ. ಮುಂದೆ ಇಬ್ಬರು ಹೆಂಗಸರು ಗಿರಣಿಯ ಸದ್ದಿಗಿಂತ ಮೇಲೆ ದನಿ ತೆಗೆದು ಮಾತಾಡುತ್ತಿದ್ದರು.

“ಪಟಗಾದ ಮಲಕಾಜಪ್ಪ ಪುಣೇಕ ಹೋಗ್ಯಾನಂತ ನೋಡವಾ. ಸಿನೇಮಾದವರ ತಲಿ ಮುಟ್ಟಿ ಬರ್ತಾನ.”

“ಅದ ಕೈಲೆ ಬಂದು ನಮ್ಮ ಹುಡುಗನ ಲಗ್ನಕ್ಕ ಪಟಗಾ ಸುತ್ತತಾನ ಹೌದಿಲ್ಲೋ? ಹಂಗಾರ ನಮ್ಮವನೂ ಹೀರೋ ಆದಾನ ಬಿಡು.”

ಇಬ್ಬರೂ ನಕ್ಕರು. ನಾನು ನಗಲಿಲ್ಲ. ಇವ ಯಾವನೋ ಸುಳ್ಳ ಇರಬೇಕು ಎಂದುಕೊಂಡೆ. ನನಗೆ ಹಾಗೆ ಅನ್ನಿಸಲು ಕಾರಣ ಇತ್ತು. ನನ್ನ ಗಂಡ ಭೀಮರಾಯ, ತಾನು ಮಿರಜಿನಲ್ಲಿ ಸ್ಟೇಶನ್ ಮಾಸ್ತರನ ಕೈಕೆಳಗೆ ಇದ್ದೇನೆ ಎಂದು ಹೇಳಿ ನನ್ನನ್ನು ಲಗ್ನ ಮಾಡಿಕೊಂಡವನು. ಸ್ಟೇಶನ್ನಿನ ಹೊರಗೆ ಚಹಾದ ಕಪ್ಪು ತೊಳೆಯುತ್ತಿದ್ದ ಎಂಬುದು ಲಗ್ನವಾದ ಮೇಲೆ ತಿಳಿಯಿತು. ಅಂದಿನಿಂದ ದೊಡ್ಡ ಊರಿನ ಹೆಸರು ಹೇಳುವ ಗಂಡಸಿನ ಮಾತನ್ನು ನಾನು ತಿರುವಿ ಹಾಕಿ ನೋಡುವವಳು.

ಎರಡು ತಿಂಗಳ ಮೇಲೆ ಆತನೇ ನಮ್ಮ ಬಾಗಿಲಿಗೆ ಬಂದ. ಉದ್ದನೆಯ, ಒಣಗಿದ ಆಳು. ತಲೆ ಮೇಲೆ ಬರೀ ಬಿಳಿ ಟೊಪಿಗೆ. ಮಂದಿಯ ತಲೆಗೆ ಪಟಗಾ ಸುತ್ತುವವ ತನ್ನ ತಲೆಗೆ ಯಾಕೆ ಸುತ್ತಿಲ್ಲ ಎಂಬುದೇ ನನ್ನ ಮೊದಲ ಸಂಶಯ.

“ಗೌರವ್ವಾ, ನಿನ್ನ ತಮ್ಮನ್ನ ಕೇಳೇ ಬಂದೀನಿ. ನನ್ನ ಹೆಂಡ್ತಿ ತೀರಕೊಂಡಾಗಿಂದ ಬಟ್ಟಿ ತುದಿ ಹಿಡಿಯಾಕ ಯಾರೂ ಇಲ್ಲ. ನೀ ಹಿಡೀತಿಯೇನು?”

“ತುದಿ ಹಿಡಿಯೂದರಾಗ ಏನ ಐತ್ರಿ, ಯಾರ ಬೇಕಾದ್ರೂ ಹಿಡೀತಾರ.”

“ಯಾರ ಬೇಕಾದ್ರೂ ಹಿಡೀತಾರ. ಆದ್ರ ಮಾತಾಡತಾರ.”

ಕೆಲಸ ಇಷ್ಟೇ. ಮರಾಠಿಯವರು ಫೇಟಾ ಎನ್ನುವ ನಮ್ಮ ಪಟಗಾಕ್ಕೆ ಎಂಟು ಮೀಟರ್ ಬಟ್ಟೆ ಬೇಕು. ಅದಕ್ಕೆ ತೆಳ್ಳಗೆ ಗಂಜಿ ಹಾಕಿ, ಇನ್ನೂ ಹಸಿ ಇರುವಾಗಲೇ ಇಬ್ಬರು ಎರಡು ತುದಿ ಹಿಡಿದು ಎಳೆದು ನಿಲ್ಲಬೇಕು. ಆತ ತನ್ನ ತುದಿಯಿಂದ ನಿರಿಗೆ ಹಿಡಿಯುತ್ತ, ಹುರಿ ಹಾಕುತ್ತ ಒಂದೊಂದೇ ಹೆಜ್ಜೆ ನನ್ನ ಕಡೆಗೆ ಬರುತ್ತಿದ್ದ. ನಾನು ಬಿಗಿ ಬಿಡಬಾರದು. ಮನೆಯೊಳಗೆ ಅಷ್ಟು ಉದ್ದ ಜಾಗ ಇಲ್ಲ, ಅದಕ್ಕೆ ರಸ್ತೆ ಮಗ್ಗುಲ ಅಂಗಳದಲ್ಲೇ ಮಾಡುತ್ತಿದ್ದೆವು. ಹೋಗಿ ಬರುವವರು ನೋಡುತ್ತಿದ್ದರು. ಒಬ್ಬ ಮುದುಕ, ಒಬ್ಬ ಮುದುಕಿ, ನಡುವೆ ಗುಲಾಬಿ ಬಟ್ಟೆ! ಕಿರಾಣಿ ಅಂಗಡಿಯ ಬಸಗೊಂಡ ಒಮ್ಮೆ ಸೈಕಲ್ ನಿಲ್ಲಿಸಿ, “ಏನ ಮಲಕಾಜಣ್ಣ, ಅಂತರಪಟ ಹಿಡಿಸೀಯೇನು?” ಎಂದು ಕೇಳಿದ. ಮಲಕಾಜಪ್ಪ ಬಟ್ಟೆಯಿಂದ ಕಣ್ಣು ತೆಗೆಯದೆ, “ಹೌದಪಾ, ಅಕ್ಷತಾ ನಿನ್ನ ಅಂಗಡ್ಯಾಗಿಂದ ತಗೊಂಬಾ, ಹುಳಾ ಇಲ್ಲದ್ದು ನೋಡಿ ತಾ” ಎಂದ. ಆಮೇಲೆ ಬಸಗೊಂಡ ಆ ಮಾತು ತೆಗೆಯಲಿಲ್ಲ.

ಆತ ಪಟಗಾ ಒಯ್ಯುತ್ತಿದ್ದ ಪುಣೆಯ ಸಮಾರಂಭದ ಹೆಸರು ರುಪೇರಿ ಮಾನ, ಎಂದರೆ ಬೆಳ್ಳಿಯ ಗೌರವ. ಸಿನೇಮಾದವರಿಗೆ ವರ್ಷಕ್ಕೊಮ್ಮೆ ಕೊಡುವ ಮಾನ. ಅದರ ಕಥೆಯನ್ನು ಮಲಕಾಜಪ್ಪ ನಿರಿಗೆ ಹಿಡಿಯುತ್ತ ತುಂಡು ತುಂಡಾಗಿ ಹೇಳುತ್ತಿದ್ದ, ನಾನು ನಂಬದೆ ಕೇಳುತ್ತಿದ್ದೆ. ಅರವತ್ತು ವರ್ಷದ ಹಿಂದೆ ಜಾತ್ರೆ ಜಾತ್ರೆಗೆ ತಂಬು ಹೊಡೆದು ಸಿನೇಮಾ ತೋರಿಸುವ ಸಾಹುಕಾರನೊಬ್ಬ ಕೊಲ್ಹಾಪುರದಲ್ಲಿ ಅದನ್ನು ಆರಂಭಿಸಿದನಂತೆ, ಪುಣೆಗೆ ಹೋದದ್ದು ಆಮೇಲೆ. ಮೊದಲ ವರ್ಷ ಒಂದು ಬೆಳ್ಳಿ ಬಟ್ಟಲು, ಒಂದು ತೆಂಗಿನಕಾಯಿ, ಒಂದು ಗುಲಾಬಿ ಪಟಗಾ, ಅಷ್ಟೇ. ಆ ಪಟಗಾ ಕಟ್ಟಿದವನು ಮಲಕಾಜಪ್ಪನ ಅಪ್ಪ. ಆಗ ಹೆಸರು ಆರಿಸುವುದಕ್ಕೆ ಮತವೂ ಇಲ್ಲ, ಪಂಚರೂ ಇಲ್ಲ. ಸಾಹುಕಾರ ಎದ್ದು ನಿಂತು ಯಾರ ಹೆಸರು ಕೂಗುತ್ತಾನೋ ಅವರಿಗೆ. ನಾಲ್ಕನೇ ವರ್ಷ ಆತ ತನ್ನ ಅಳಿಯನ ಹೆಸರು ಕೂಗಿಬಿಟ್ಟ. ತಂಬಿನೊಳಗೆ ಕುರ್ಚಿಗಳು ಹಾರಾಡಿದವು.

“ಅವತ್ತಿನಿಂದ ಸಂಶಯ ಚಾಲೂ ಆತು ನೋಡ ಗೌರವ್ವಾ. ಸಂಶಯ ಚಾಲೂ ಆದ ಮ್ಯಾಲ ನೇಮ ಬಂದುವು.”

ನೇಮಗಳು ಬಹಳ ಇದ್ದವು. ಮೊದಲು ಸಿನೇಮಾದವರ ಸಂಘದ ಸದಸ್ಯರೆಲ್ಲ ಚೀಟಿಯಲ್ಲಿ ಬರೆದು ಐದು ಹೆಸರು ಆರಿಸಬೇಕು. ಆಮೇಲೆ ಹದಿನೈದು ಮಂದಿ ಪಂಚರನ್ನು ಒಂದು ಕೋಣೆಯಲ್ಲಿ ಕೂರಿಸಿ, ಫೋನು ಕಸಿದುಕೊಂಡು, ಐದರಲ್ಲಿ ಒಂದನ್ನು ಆರಿಸಲು ಹೇಳುತ್ತಾರೆ. ಆ ಒಂದು ಹೆಸರು ಅರಗಿನ ಮುದ್ರೆ ಹಾಕಿದ ಎರಡು ಲಕೋಟೆಯಲ್ಲಿ, ಎರಡು ಗಾಡಿಯಲ್ಲಿ, ಎರಡು ದಾರಿಯಿಂದ ಸಭೆಗೆ ಬರುತ್ತದೆ. ವೇದಿಕೆ ಮೇಲೆ ಒಡೆಯುವತನಕ ಗೆದ್ದವನಿಗೂ ಗೊತ್ತಿರಬಾರದು.

“ಹಂಗಾರ ಪಟಗಾ ಯಾರ ಅಳತಿಗೆ ಕಟ್ಟತೀರಿ?” ಎಂದೆ. ಇಲ್ಲಿ ಸಿಕ್ಕಿಬಿದ್ದ ಎಂದು ನನ್ನ ಲೆಕ್ಕ.

ಆತ ಕಿಸೆಯಿಂದ ಒಂದು ದಾರ ತೆಗೆದ. ಬಿಳಿ ದಾರ, ನಡುವೆ ಒಂದು ಗಂಟು. ಹಿಂದೆ ಆತನೇ ವೇದಿಕೆ ಮೇಲೆ ನಿಂತು ಎಲ್ಲರೆದುರು ಕಟ್ಟುತ್ತಿದ್ದನಂತೆ. ಟೀವಿಯವರು ಬಂದ ಮೇಲೆ ಐದು ನಿಮಿಷ ಬಹಳವಾಯಿತು, ಕಟ್ಟಿದ್ದನ್ನೇ ತಂದು ತಲೆಗೆ ಇಡಿ ಎಂದರು. ಅದಕ್ಕೆ ಐದು ಮಂದಿಯನ್ನೂ ಮುಂಚೆ ಚಹಾಕ್ಕೆ ಕರೆದು, ಎಲ್ಲರ ತಲೆಯನ್ನೂ ದಾರದಿಂದ ಅಳೆಯುತ್ತಾರೆ. ಗಂಟಿನತನಕ ತಲೆಯ ಸುತ್ತಳತೆ, ಗಂಟಿನಿಂದ ಆಚೆಗೆ ಕಿವಿಯಿಂದ ಕಿವಿಗೆ. ಪಂಚರು ಆರಿಸಿದ ಮೇಲೆ ಒಂದೇ ಒಂದು ದಾರ ಲಕೋಟೆಯಲ್ಲಿ ಕುಣಿಕೋಣೂರಿಗೆ ಬರುತ್ತದೆ. ಟೇಪಿನಿಂದ ಅಳೆದರೆ ಅಂಕಿ ಬರೆಯಬೇಕು, ಅಂಕಿಯನ್ನು ಯಾರಾದರೂ ಓದಬಹುದು. ದಾರವನ್ನು ಯಾರು ಓದುತ್ತಾರೆ?

ಮಲಕಾಜಪ್ಪ ಓದುತ್ತಿದ್ದ. ಅದು ನನಗೆ ಮೂರನೇ ವರ್ಷಕ್ಕೆ ತಿಳಿಯಿತು. ಲಕೋಟೆ ಒಡೆದು ದಾರವನ್ನು ತಲೆಯಾಕಾರದ ಮರದ ಅಚ್ಚಿನ ಸುತ್ತ ಹಿಡಿದ ಕೂಡಲೇ ಆತನ ಮುಖದಲ್ಲಿ ಏನೋ ಹಾದು ಹೋಗುತ್ತಿತ್ತು. ನಲವತ್ತು ವರ್ಷ ಆ ಮಂದಿಯ ಲಗ್ನ, ಸತ್ಕಾರ, ಶೂಟಿಂಗಿಗೆ ಪಟಗಾ ಕಟ್ಟಿದ ಕೈ. ನಾವು ಎಮ್ಮೆಯನ್ನು ಕೊಂಬಿನ ಮೇಲೆ ಗುರುತಿಸಿದಂತೆ ಆತ ತಲೆಯನ್ನು ಗುರುತಿಸುತ್ತಿದ್ದ.

“ಯಾರ ತಲಿರಿ ಇದು?”

“ತಲಿಗಿ ಹೆಸರಿರೂದಿಲ್ಲ. ಬಿಗಿ ಹಿಡಿ.”

ಹೋದ ವರ್ಷದ ಹಿಂದಿನ ವರ್ಷ, ಜನವರಿಯಲ್ಲಿ ಬಂದ ದಾರವನ್ನು ಆತ ಅಚ್ಚಿಗೆ ಹಿಡಿದವನು ಸುಮ್ಮನೆ ಕುಳಿತುಬಿಟ್ಟ. ಗಂಜಿ ಕಾಸಿ ಇಟ್ಟಿದ್ದೆ, ಕೆನೆಗಟ್ಟಿ ಹೋಯಿತು. ಗುಲಾಬಿ ಬಟ್ಟೆ ತೆಗೆದ, ಮತ್ತೆ ಪೆಟ್ಟಿಗೆಯಲ್ಲಿ ಇಟ್ಟ. ಮೂರು ದಿನ ಹೀಗೇ. ನನಗೆ ತಡೆಯಲಾಗಲಿಲ್ಲ.

“ಏನ ಆಗೇತಿ ಹೇಳ್ರಿ, ಇಲ್ಲಾಂದ್ರ ನಾ ಮನಿಗಿ ಹೋಗ್ತೀನಿ.”

“ಈ ಮನಷ್ಯಾನ ಹೆಂಡ್ತಿ ಶ್ರಾವಣದಾಗ ಸತ್ತಾಳ. ವರ್ಷ ತುಂಬಿಲ್ಲ.”

ಹೆಸರು ಹೇಳಲಿಲ್ಲ. ಇಷ್ಟೇ ಹೇಳಿದ. ನಮ್ಮ ಕಡೆ ಮನೆಯಲ್ಲಿ ಸಾವಾದ ಗಂಡಸಿಗೆ ವರ್ಷ ತುಂಬುವವರೆಗೆ ಬಣ್ಣದ ಪಟಗಾ ಕಟ್ಟುವುದಿಲ್ಲ. ಮಗಳ ಲಗ್ನವೇ ಇದ್ದರೂ ಬಿಳಿಯದನ್ನೇ ಕಟ್ಟುತ್ತಾರೆ. ಅದು ಮಲಕಾಜಪ್ಪನಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ರುಪೇರಿ ಮಾನಕ್ಕೆ ಮೊದಲ ವರ್ಷದಿಂದ ಗುಲಾಬಿಯೇ.

“ಹಂಗಾರ ಬಿಳೇದು ಕಟ್ರಿ” ಎಂದೆ.

“ಪುಣೇದ ಆಫೀಸಿನ ನೇಮ ಗುಲಾಬಿ ಐತಿ.”

“ಕೈ ಆಫೀಸಿಂದೇನು? ನಾಳೆ ಆ ಸತ್ತಾಕಿ ಶಾಪ ಯಾರಿಗಿ ತಟ್ಟತೈತಿ?”

ಆತ ಮರುದಿನ ಜರಿ ಅಂಚಿನ ಬಿಳಿ ಬಟ್ಟೆ ತಂದ. ನಾನು ತುದಿ ಹಿಡಿದೆ. ನೆತ್ತಿಯ ಮೇಲೆ ಅಷ್ಟು ಚಂದದ ತುರಾಯಿ, ಬೆನ್ನಿಗೆ ಇಳಿಯುವ ಅಷ್ಟು ಹದವಾದ ಚುಂಗು ಆತನ ಕೈಯಲ್ಲಿ ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ. ಪೆಟ್ಟಿಗೆಗೆ ಅರಗು ಹಾಕಿ, ನೇಮದಂತೆ ಸಮಾರಂಭಕ್ಕೆ ನಾಲ್ಕು ದಿನ ಮೊದಲು ಜತ್ತಿನ ಬಸ್ ಸ್ಟ್ಯಾಂಡಿನಲ್ಲಿ ಆಫೀಸಿನ ಗಾಡಿಗೆ ಒಪ್ಪಿಸಿ ಬಂದ.

ಅದಕ್ಕೆ ಎಂಟು ದಿನ ಮುಂಚೆ ನಡೆದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಮಧ್ಯಾಹ್ನ ಒಬ್ಬ ಮೋಟರ್‌ಸೈಕಲ್ ಮೇಲೆ ಬಂದ. ಹೆಗಲಿಗೆ ಕ್ಯಾಮೆರಾದ ಚೀಲ. ಮಲಕಾಜಪ್ಪ ಅವನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡ. ಹಾಡೇಹಗಲು ಬಾಗಿಲು! ಹತ್ತು ನಿಮಿಷ ಪಿಸುಪಿಸು. ಹೊರಗೆ ಬಂದವ ನನ್ನನ್ನು ನೋಡಿ ಮುಖ ತಿರುಗಿಸಿ ಗಾಡಿ ಹೊಡೆದ. ಯಾರು ಎಂದು ಕೇಳಿದೆ. “ಯಾವನೋ ದರಿಬಡಚ್ಯಾಂವ” ಎಂದ ಮಲಕಾಜಪ್ಪ. ಮೂವತ್ತು ವರ್ಷ ದರಿಬಡಚಿಯಲ್ಲಿದ್ದವಳಿಗೆ ಆ ಮುಖದ ಗುರುತಿರಲಿಲ್ಲ. ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡೆ.

ಸಮಾರಂಭಕ್ಕೆ ಎರಡು ದಿನ ಇರುವಾಗ ಬಸಗೊಂಡ ಮರಾಠಿ ಪೇಪರು ಹಿಡಿದು ಓಡಿ ಬಂದ.

“ಮಲಕಾಜಣ್ಣ, ಈ ಸಲ ರುಪೇರಿ ಮಾನ ಯಾರಿಗಂತ ಪೇಪರದಾಗ ಬಂದೈತ್ರಿ! ಲಕೋಟಿ ಇನ್ನೂ ಒಡದಿಲ್ಲ, ಹೆಸರ ಮದಲ ಬಂದೈತಿ!”

ಅದರಲ್ಲಿ ಒಬ್ಬ ಮುದುಕ ನಟನ ಫೋಟೋ ಇತ್ತು. ಮಲಕಾಜಪ್ಪನ ಮುಖ ನೋಡಿದೆ. ದಾರದ ತಲೆ ಅದೇ ಎಂದು ಆಗ ನನಗೆ ತಿಳಿಯಿತು.

ಮರುದಿನ ಬೆಳಿಗ್ಗೆ ಕಾರು ಬಂತು. ಆಫೀಸಿನ ಶೈಲಾ ಎಂಬ ಹೆಣ್ಣುಮಗಳು, ಜೊತೆಗೆ ಬರೆದುಕೊಳ್ಳುವ ಕನ್ನಡಕದ ಗಂಡಸೊಬ್ಬ. ಪಂಚರನ್ನು ಕೇಳಿದ್ದಾರೆ, ಲಕೋಟೆಯವರನ್ನು ಕೇಳಿದ್ದಾರೆ, ಉಳಿದವನು ದಾರ ತಲುಪಿದವನೊಬ್ಬನೇ. ಆತನನ್ನು ಒಂದು ತಾಸು ಕೇಳಿದರು. ನಾನು ಅಂಗಳದಲ್ಲಿ ನಿಂತಿದ್ದೆ. “ಬಾಯೀಸಾಹೇಬ, ನಮ್ಮ ಅಪ್ಪಾ ಕಟ್ಟಿದ್ದು, ನಾ ಕಟ್ಟಿದ್ದು. ನಮ್ಮ ಮನಿಯಿಂದ ಒಂದ ಹೆಸರ ಹೊರಗ ಹೋಗಿಲ್ರಿ” ಎಂಬ ಒಂದೇ ಮಾತು ಹೊರಗೆ ಕೇಳುತ್ತಿತ್ತು.

ಆಮೇಲೆ ಶೈಲಾ ನನ್ನನ್ನು ಬೇವಿನ ಗಿಡದ ಕೆಳಗೆ ಕರೆದಳು. ಮರಾಠಿಯಲ್ಲೇ, ಮೃದುವಾಗಿ ಕೇಳಿದಳು.

“ಆಜಿ, ಹೆಸರು ನಿಮಗೆ ಹೇಳಿದ್ದರಾ?”

“ಇಲ್ಲ.”

“ಬೇರೆ ಯಾರಿಗಾದರೂ? ಇಲ್ಲಿಗೆ ಹೊಸಬರು ಯಾರಾದರೂ ಬಂದಿದ್ದರಾ?”

ಕನ್ನಡಕದವನು ನನ್ನನ್ನೇ ನೋಡುತ್ತಿದ್ದ. ಆತನಲ್ಲದಿದ್ದರೆ ನಾನೇ ಎಂದು ಇವರು ಹಿಡಿಯುತ್ತಾರೆ ಎಂದು ನನಗೆ ಅನ್ನಿಸಿತು. ಹತ್ತು ಹನ್ನೊಂದು ದಿನದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ. ಮೋಟರ್‌ಸೈಕಲ್, ಕ್ಯಾಮೆರಾದ ಚೀಲ, ಹಾಕಿದ ಬಾಗಿಲು, ಪಿಸುಪಿಸು. ಕನ್ನಡಕದವನು ಎಲ್ಲ ಬರೆದುಕೊಂಡ. ಬಿಳಿ ಬಟ್ಟೆ ಕಟ್ಟು ಎಂದು ನಾನು ಹೇಳಿದ್ದನ್ನು ಮಾತ್ರ ಹೇಳಲಿಲ್ಲ. ಅವರು ಕೇಳಲೂ ಇಲ್ಲ.

ಹೋಗುವಾಗ ಶೈಲಾ ಮಲಕಾಜಪ್ಪನಿಗೆ, ನೀವು ನಾಳೆ ಬರುವುದು ಬೇಡ ಎಂದಳು. ಇನ್ನು ಮುಂದೆಯೂ ತೊಂದರೆ ತೆಗೆದುಕೊಳ್ಳಬೇಡಿ ಎಂದಳು. ಪುಣೆಗೆ ಹೋಗಲೆಂದು ಆತ ಒಗೆದು ಹಾಕಿದ್ದ ಧೋತರ ಹಗ್ಗದ ಮೇಲೆ ಇತ್ತು. ಅದನ್ನು ತೆಗೆದು ಒಳಗಿಟ್ಟ.

ಮರುದಿನ ಸಂಜೆ ಬಸಗೊಂಡನ ಅಂಗಡಿಯ ಟೀವಿಯಲ್ಲಿ ನಾನು ಸಮಾರಂಭ ನೋಡಿದೆ. ಮಲಕಾಜಪ್ಪ ಬರಲಿಲ್ಲ. ಮುದುಕ ನಟನ ಹೆಸರನ್ನೇ ಕರೆದರು. ಯಾವುದೋ ಅಂಗಡಿಯಿಂದ ತಂದ ಗುಲಾಬಿ ಫೇಟಾ ತಲೆಗೆ ಇಟ್ಟರು. ಆ ಮನುಷ್ಯ ಅದನ್ನು ಕೂಡಲೇ ಎರಡೂ ಕೈಯಿಂದ ತೆಗೆದು, ಕಣ್ಣಿಗೆ ಒತ್ತಿಕೊಂಡು, ಬಗಲಲ್ಲಿ ಇಟ್ಟುಕೊಂಡ. ಬರಿ ತಲೆಯಲ್ಲೇ ಮಾತಾಡಿದ.

“ಯಾಕ ತಗದನಪಾ? ಸಣ್ಣದಾತೇನು?” ಎಂದ ಬಸಗೊಂಡ.

ನಾನು ಎದ್ದು ಮನೆಗೆ ಬಂದೆ.

ಊರಿನಲ್ಲಿ ಮಾತು ಬೆಳೆಯಿತು. ಸುದ್ದಿ ಮಾರಿಕೊಂಡ, ಪೇಪರಿನವ ಏನು ಕೊಟ್ಟನೋ ಎಂದರು. ಶೇಗಾಂವದ ಒಂದು ಲಗ್ನದಲ್ಲಿ ಬೀಗರು, “ಮೆಲ್ಲಕ ಮಾತಾಡ್ರಿ, ಪಟಗಾದಾಂವ ಬಂದಾನ, ನಾಳೆ ಪೇಪರದಾಗ ಬರತೈತಿ” ಎಂದು ನಕ್ಕರಂತೆ. ಆತ ಕಟ್ಟುವಷ್ಟು ಕಟ್ಟಿ, ಊಟ ಮಾಡದೆ ಬಂದ. ನಾನು ತುದಿ ಹಿಡಿಯಲು ಹೋಗುವುದು ನಿಲ್ಲಿಸಲಿಲ್ಲ. ಆದರೆ ಹಿಡಿದು ನಿಂತಾಗ ಆತನ ಕಣ್ಣು ತಪ್ಪಿಸುತ್ತಿದ್ದೆ. ಮಾರಿಕೊಂಡೇ ಇರಬೇಕು ಎಂದು ನನ್ನ ಒಂದು ಮನಸ್ಸು. ಈತನಿಗೆ ನನ್ನ ಮೇಲೆಯೇ ಸಂಶಯ ಇರಬಹುದೇ ಎಂದು ಇನ್ನೊಂದು. ಆ ನಟನ ಹೆಂಡತಿ ಸತ್ತ ಮಾತನ್ನು ಆತ ಹೇಳಿದ್ದು ನನ್ನೊಬ್ಬಳಿಗೇ ಅಲ್ಲವೇ?

ಯುಗಾದಿ ಮುಗಿದ ಮೇಲೆ ಜತ್ತಿನ ಬಸ್ಸಿನಲ್ಲಿ ಆ ಮೋಟರ್‌ಸೈಕಲ್ಲಿನವ ಸಿಕ್ಕ. ಅದೇ ಚೀಲ. ಮಗ್ಗುಲಲ್ಲಿ ಹೊಸ ಸೀರೆಯ ಹೆಂಗಸು. ಹೋಗಿ ಎದುರಿಗೇ ನಿಂತೆ.

“ಏನಪಾ, ಜನವರ್‍ಯಾಗ ಮಲಕಾಜಣ್ಣನ ಮನಿಗಿ ಬಂದಿದ್ದಿ ಹೌದಿಲ್ಲೋ? ಬಾಗಲಾ ಹಾಕ್ಕೊಂಡು ಏನ ಮಾತಾಡಿದ್ರಿ?”

ಅವನು ಕೆಂಪಗಾದ. “ಮೆಲ್ಲಕ ಅನ್ನವಾ. ನಾ ತಾನಾಜಿ, ಲಗ್ನದ ಫೋಟೋ ಹೊಡಿಯಾಂವ. ದರಿಬಡಚಿಗಿ ಬಂದು ಎರಡ ವರ್ಷ ಆತು. ನಂದ ಎರಡನೇ ಸಂಬಂಧ ಕೂಡಿತ್ತು. ಈ ವಯಸ್ಸಿನಾಗ ಪಟಗಾ ಚಂದ ಕಾಣತೈತೋ ಇಲ್ಲೋ ಅಂತ ಕನ್ನಡಿ ಮುಂದ ಕಟ್ಟಿಸಿಕೊಂಡು ನೋಡಿದೆ. ಯಾರಿಗೂ ಹೇಳಬ್ಯಾಡ್ರಿ ಅಂದಿದ್ದೆ.”

“ಯಾರಿಗೂ ಹೇಳಿಲ್ಲಪಾ ಆತ” ಎಂದೆ.

ಹೊಸ ಸೀರೆಯವಳು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಬಸ್ಸು ಕುಣಿಕೋಣೂರು ಮುಟ್ಟುವತನಕ ನಾನು ಕಂಬ ಹಿಡಿದು ನಿಂತೇ ಇದ್ದೆ. ಅಂದೇ ಹೋಗಿ ಹೇಳಬಹುದಿತ್ತು. ಪುಣೆಗೆ ಒಂದು ಫೋನು ಮಾಡಿಸಬಹುದಿತ್ತು. ಆ ಮಾತು ಹೇಳಬೇಕಾದರೆ ಮೊದಲು ಬೇವಿನ ಗಿಡದ ಕೆಳಗೆ ಹೇಳಿದ್ದನ್ನು ಒಪ್ಪಿಕೊಳ್ಳಬೇಕು. ನಾಳೆ ಹೇಳುತ್ತೇನೆ ಎಂದುಕೊಂಡೆ. ಹೀಗೆ ಐದು ತಿಂಗಳು ಹೋದವು.

ದಸರಾಕ್ಕೆ ಮುಂಚೆ ಮಲಕಾಜಪ್ಪನ ಕಣ್ಣಿನ ಪೊರೆ ತೆಗೆಸಿದರು. ಒಂದು ಕಣ್ಣಿಗೆ ಹಸಿರು ಪಟ್ಟಿ, ಇನ್ನೊಂದು ಮೊದಲೇ ಮಂಜು. ಆ ದಿನಗಳಲ್ಲೇ ಪುಣೆಯಿಂದ ಕಾಗದ ಬಂತು. ಅದು ಈಗ ನನ್ನ ಬಳಿಯೇ ಇದೆ, ಎರಡು ಹಾಳೆ. ಎರಡನೇ ಹಾಳೆಯಲ್ಲಿ ಆತನ ಕ್ಷಮೆ ಕೇಳಿದ್ದಾರೆ. ಬರುವ ಫೆಬ್ರುವರಿಗೆ ಬನ್ನಿ, ಬಣ್ಣ ನಿಮಗೆ ಸರಿ ಕಂಡದ್ದು ಎಂದು ಬರೆದಿದ್ದಾರೆ. ಫೆಬ್ರುವರಿ ಆತನಿಗೆ ಸಿಗಲಿಲ್ಲ. ಕಾಗದ ಬಂದ ಮರುದಿನವೇ ಮಗಳು ಬಂದು ಸಾಂಗೋಲೆಗೆ ಕರೆದುಕೊಂಡು ಹೋದಳು, ಎಂಟು ದಿನಕ್ಕೆ ಅಲ್ಲಿಯೇ ಜೀವ ಹೋಯಿತು. ಆದ್ದರಿಂದ ಕಾಗದ ಓದಿಸಿದ ಆ ಮಧ್ಯಾಹ್ನದ ಮೇಲೆ ಆತ ನನ್ನನ್ನು ಏನೂ ಕೇಳಿಲ್ಲ.

ಕಾಗದ ಬಂದ ದಿನ ಮಧ್ಯಾಹ್ನ ಹೇಳಿಕಳಿಸಿದ್ದ, ಹೋದೆ. ಮಂಚದ ಮೇಲೆ ಗೋಡೆಗೆ ಆತು ಕುಳಿತಿದ್ದ.

“ಪುಣೇದ ಕಾಗದ ಬಂದೈತಿ. ನನಗ ಕಾಣಸವಲ್ದು. ಓದು ಗೌರವ್ವಾ.”

“ನಾ ನಾಕನೇತ್ತೆ ಕಲತಾಕಿ, ಅದೂ ಕನ್ನಡ ಸಾಲಿ. ಮರಾಠಿ ಅಕ್ಷರ ಕೂಡಿಸಿ ಓದೂದರಾಗ ಹೊತ್ತ ಮುಣಗತೈತ್ರಿ.”

“ಮುಣಗಲಿ. ನನಗೇನ ಎಲ್ಲೀ ಹೋಗೂದಿಲ್ಲ.”

ಲಕೋಟೆ ಕೈಗೆ ಕೊಟ್ಟ. ಅದು ಮೊದಲೇ ಒಡೆದಿತ್ತು. ಅಂಚು ನೀಟಾಗಿ ಹರಿದಿತ್ತು. ಯಾರು ಒಡೆದರು ಎಂದು ಕೇಳಬೇಕೆಂದವಳು ಕೇಳಲಿಲ್ಲ.

ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಸಮಾರಂಭದ ದೀಪದ ಕೆಲಸದವರು ಬೆಳಕು ಹೊಂದಿಸಲು ಪೆಟ್ಟಿಗೆಯ ಅರಗು ಒಡೆದು ನೋಡಿದ್ದರು. ಒಳಗೆ ಬಿಳಿ ಫೇಟಾ ಇತ್ತು. ಐವರಲ್ಲಿ ದುಃಖದಲ್ಲಿದ್ದವನು ಒಬ್ಬನೇ. ಬಣ್ಣ ನೋಡಿಯೇ ಹೆಸರು ತಿಳಿದು, ದೀಪದವರಲ್ಲೊಬ್ಬ ಪೇಪರಿನವರಿಗೆ ಹೇಳಿದ್ದ. ಈಗ ಒಪ್ಪಿಕೊಂಡಿದ್ದಾನೆ. ಮಲಕಾಜಪ್ಪನ ಬಾಯಿಂದ ಏನೂ ಹೊರಬಿದ್ದಿಲ್ಲ ಎಂದು ಬರೆದಿತ್ತು.

ನಾನು ತಲೆ ಎತ್ತಿದೆ. ಆತನ ಮುಖದಲ್ಲಿ ಏನೂ ಬದಲಾಗಲಿಲ್ಲ. ಮೊದಲ ಸಲ ಕೇಳುವವನು ಹಾಗೆ ಕೂರುತ್ತಾನೆಯೇ ಎಂದು ನನಗೆ ಆಗಲೂ ಸಂಶಯ ಬಂತು, ಈಗಲೂ ಇದೆ.

ಮುಂದಿನ ಸಾಲಿಗೆ ಬೆರಳಿಟ್ಟೆ. ‘ತಮ್ಮಲ್ಲಿಗೆ ಕ್ಯಾಮೆರಾದವನೊಬ್ಬ ಗುಟ್ಟಾಗಿ ಬಂದು ಹೋದನೆಂದು, ತಮ್ಮ ಬಟ್ಟೆಯ ತುದಿ ಹಿಡಿಯುವ ಗೌ’ ಎಂಬವರೆಗೆ ಬಂದೆ. ಮುಂದಿನ ಅಕ್ಷರಗಳು ನನಗೆ ಓದದೆಯೇ ತಿಳಿದವು. ಬೆರಳನ್ನು ಆ ಸಾಲಿನ ಮೇಲೇ ಇಟ್ಟುಕೊಂಡು ಓದುವುದು ನಿಲ್ಲಿಸಿದೆ.

ಹೊರಗೆ ಯಾರದೋ ಆಡು ಒದರುತ್ತಿತ್ತು. ಆತ ಹಸಿರು ಪಟ್ಟಿಯ ಮುಖವನ್ನು ನನ್ನ ಕಡೆಗೆ ತಿರುಗಿಸಿದ.

“ಯಾಕ ನಿಂತಿ ಗೌರವ್ವಾ?” ಎಂದ. “ಮುಂದ ಓದು.”